ತಾನೇ ಬರೆದ ಒಪ್ಪಂದದೊಳಗೆ ಕುಗ್ಗಿದ ಪಕ್ಷ: ಉತ್ತರ ಐರ್ಲೆಂಡಿನ ಎಸ್‌ಡಿಎಲ್‌ಪಿ

(ಉಪನ್ಯಾಸದ ಬರಹ ರೂಪ)

ಎರಡು ಚುನಾವಣೆಗಳ ಅಂಕಿಗಳಿಂದ ಶುರು ಮಾಡೋಣ. 1998ರ ಏಪ್ರಿಲ್ 10ರಂದು ದಶಕಗಳ ಹಿಂಸೆ ನಿಲ್ಲಿಸಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಸಮುದಾಯಗಳು ಅಧಿಕಾರ ಹಂಚಿಕೊಳ್ಳುವ ಬೆಲ್‌ಫಾಸ್ಟ್ ಒಪ್ಪಂದಕ್ಕೆ ಸಹಿ ಬಿತ್ತು. ಗುಡ್ ಫ್ರೈಡೇ ಒಪ್ಪಂದ ಎಂದು ನಾವು ಪತ್ರಿಕೆಗಳಲ್ಲಿ ಓದಿದ್ದು ಇದನ್ನೇ. ಅದೇ ಜೂನ್‌ನಲ್ಲಿ ಉತ್ತರ ಐರ್ಲೆಂಡಿನ ಹೊಸ ಶಾಸನಸಭೆಗೆ ಚುನಾವಣೆ ನಡೆದಾಗ ಎಲ್ಲರಿಗಿಂತ ಹೆಚ್ಚು ಪ್ರಥಮ ಪ್ರಾಶಸ್ತ್ಯದ ಮತ ಪಡೆದದ್ದು ಸೋಷಿಯಲ್ ಡೆಮಾಕ್ರಟಿಕ್ ಆಂಡ್ ಲೇಬರ್ ಪಾರ್ಟಿ, ಅಂದರೆ ಎಸ್‌ಡಿಎಲ್‌ಪಿ: ಮುಖ್ಯವಾಗಿ ಕ್ಯಾಥೊಲಿಕರ, ಹಿಂಸೆ ಒಪ್ಪದ, ಐರ್ಲೆಂಡಿನ ಏಕೀಕರಣ ಬಯಸುವ (‘ರಾಷ್ಟ್ರೀಯವಾದಿ’) ಪಕ್ಷ. ಸುಮಾರು 1,78,000 ಮತ, ಶೇ 22, ಸ್ಥಾನ 24. ಅದರ ನಾಯಕ ಜಾನ್ ಹ್ಯೂಮ್ ಅವರಿಗೆ ಅದೇ ವರ್ಷ ಬ್ರಿಟನ್ ಜೊತೆಗೇ ಉಳಿಯಬೇಕೆನ್ನುವ ಯೂನಿಯನಿಸ್ಟರ ನಾಯಕ ಡೇವಿಡ್ ಟ್ರಿಂಬಲ್ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ. ಇನ್ನು 2022ಕ್ಕೆ ಬನ್ನಿ: ಸುಮಾರು 78,000 ಮತ, ಶೇ 9.1, ಸ್ಥಾನ 8. ಸಂಪುಟದಲ್ಲಿ ಒಂದು ಖಾತೆಯೂ ಇಲ್ಲ.

ಇದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಿರುವ ಉತ್ತರ ಒಂದೇ: ಸಶಸ್ತ್ರ ಗುಂಪಾದ ಐಆರ್‌ಎಯ ರಾಜಕೀಯ ಅಂಗವಾಗಿದ್ದ ಶಿನ್ ಫೇನ್ ಬಂದು ನುಂಗಿತು. ಅರ್ಧ ನಿಜ. ಆದರೆ 2022ರಲ್ಲಿ ಈ ಪಕ್ಷ ಕಳೆದುಕೊಂಡ ನಾಲ್ಕು ಸ್ಥಾನಗಳಲ್ಲಿ ಒಂದೂ ಶಿನ್ ಫೇನ್‌ಗೆ ಹೋಗಲಿಲ್ಲ ಎಂದರೆ ಬಹಳ ಜನ ಹುಬ್ಬೇರಿಸುತ್ತಾರೆ. ಉಳಿದ ಅರ್ಧ ಉತ್ತರ ಇರುವುದು ಮತ ಎಣಿಕೆಯ ಮೇಜಿನ ಮೇಲೆ, ಖಾತೆ ಹಂಚುವ ಸೂತ್ರದಲ್ಲಿ, ಮತ್ತು ಪಕ್ಷ ಕಟ್ಟುವ ಕೆಲಸವನ್ನು ಮುಂದೂಡುತ್ತಲೇ ಹೋದ ಅಭ್ಯಾಸದಲ್ಲಿ.

ಮೊದಲು ಹುಟ್ಟು. 1970ರ ಆಗಸ್ಟ್ 21. ಪಕ್ಷ ಕಟ್ಟಿದವರು ಬೀದಿಯ ಕಾರ್ಯಕರ್ತರಲ್ಲ, ಆಗಲೇ ಗೆದ್ದು ಕೂತಿದ್ದ ಶಾಸಕರು. ಬೆಲ್‌ಫಾಸ್ಟ್‌ನಿಂದ ಇಬ್ಬರು ಕಾರ್ಮಿಕವಾದಿಗಳು: ಗೆರಿ ಫಿಟ್ ಮತ್ತು ಪ್ಯಾಡಿ ಡೆವ್ಲಿನ್. ನಾಗರಿಕ ಹಕ್ಕುಗಳ ಚಳವಳಿಯಿಂದ ಹ್ಯೂಮ್, ಐವನ್ ಕೂಪರ್, ಪ್ಯಾಡಿ ಓಹ್ಯಾನ್‌ಲನ್. ಹಳೆಯ ನ್ಯಾಷನಲಿಸ್ಟ್ ಪಕ್ಷದಿಂದ ಆಸ್ಟಿನ್ ಕರಿ. ಫಿಟ್ ಮೊದಲ ನಾಯಕ. ಬೆಲ್‌ಫಾಸ್ಟ್‌ನ ಬಣಕ್ಕೆ ಬೇಕಿದ್ದದ್ದು ವಸತಿ, ಕೂಲಿ, ಕಾರ್ಮಿಕ ಸಂಘ. ಡೆರಿ ನಗರ ಮತ್ತು ಹಳ್ಳಿಗಾಡಿನ ಬಣಕ್ಕೆ ಅದರ ಜೊತೆಗೆ ಐರ್ಲೆಂಡಿನ ಏಕೀಕರಣದ ದಾರಿ, ಅದೂ ಬಂದೂಕಿಲ್ಲದೆ, ಉತ್ತರದ ಜನರ ಒಪ್ಪಿಗೆಯಿಂದ. ಈ ಎರಡು ಬಣ ಬಹಳ ಕಾಲ ಜೊತೆಗಿರಲಿಲ್ಲ. 1974ರ ಜನವರಿಯಲ್ಲಿ ಸನ್ನಿಂಗ್‌ಡೇಲ್ ಒಪ್ಪಂದದಡಿ ಅಧಿಕಾರ ಹಂಚಿಕೆಯ ಸರ್ಕಾರ ಬಂತು, ಫಿಟ್ ಅದರಲ್ಲಿ ಎರಡನೇ ಸ್ಥಾನದಲ್ಲಿದ್ದರು. ಮೇ ತಿಂಗಳ ಯೂನಿಯನಿಸ್ಟ್ ಕಾರ್ಮಿಕರ ಮುಷ್ಕರಕ್ಕೆ ಅದು ಉರುಳಿತು. 1977ರಲ್ಲಿ ಡೆವ್ಲಿನ್ ಉಚ್ಚಾಟನೆ, 1979ರಲ್ಲಿ ಫಿಟ್ ರಾಜೀನಾಮೆ. ಪಕ್ಷದಲ್ಲಿ ಸಮಾಜವಾದ ಹಿಂದೆ ಸರಿದು ರಾಷ್ಟ್ರೀಯತೆ ಮುಂದೆ ಬಂದಿದೆ ಎಂಬುದು ಇಬ್ಬರ ತಕರಾರು. ಹೆಸರಿನ ‘ಲೇಬರ್’ ಉಳಿಯಿತು, ಬ್ರಿಟನ್ನಿನ ಲೇಬರ್ ಜೊತೆ ಸೋದರ ಪಕ್ಷದ ಸಂಬಂಧವೂ ಉಳಿಯಿತು. ಬೆಲ್‌ಫಾಸ್ಟ್‌ನ ಕಾರ್ಮಿಕ ಕೇರಿಗಳ ಬೇರು ಮಾತ್ರ ಸಡಿಲವಾಯಿತು. ಮುಂದೆ ಶಿನ್ ಫೇನ್ ಬಂದು ಕೂತದ್ದು ಆ ಕೇರಿಗಳಲ್ಲೇ.

1979ರಿಂದ 2001ರವರೆಗೆ ಹ್ಯೂಮ್ ಯುಗ. ಫ್ರೆಂಚ್ ಕಲಿಸುತ್ತಿದ್ದ ಮೇಷ್ಟ್ರು, ಡೆರಿಯಲ್ಲಿ 1960ರಲ್ಲಿ ಕ್ರೆಡಿಟ್ ಯೂನಿಯನ್ ಕಟ್ಟಿದವರಲ್ಲಿ ಒಬ್ಬರು. ಸಮಸ್ಯೆಯನ್ನು ಮೂರು ಎಳೆಗಳಾಗಿ ಬಿಡಿಸಿಟ್ಟದ್ದು ಅವರ ದೊಡ್ಡ ಕೆಲಸ: ಉತ್ತರದ ಎರಡು ಸಮುದಾಯಗಳ ನಡುವಿನದು, ಉತ್ತರ ಮತ್ತು ದಕ್ಷಿಣದ ನಡುವಿನದು, ಬ್ರಿಟನ್ ಮತ್ತು ಐರ್ಲೆಂಡ್ ನಡುವಿನದು. 1998ರ ಒಪ್ಪಂದದ ಅಧ್ಯಾಯಗಳು ಇದೇ ಮೂರು ಎಳೆಗಳ ಮೇಲೆ ನಿಂತಿವೆ. ಹ್ಯೂಮ್ ಅವರ ಉಪನಾಯಕ ಶೇಮಸ್ ಮ್ಯಾಲನ್ ಅದನ್ನು ‘ನಿಧಾನವಾಗಿ ಕಲಿಯುವವರಿಗಾಗಿ ಸನ್ನಿಂಗ್‌ಡೇಲ್’ ಎಂದು ಕುಟುಕಿದ್ದು ಪ್ರಸಿದ್ಧ. ಇಪ್ಪತ್ತೈದು ವರ್ಷ ತಡವಾಗಿಯಾದರೂ ಬೇರೆಯವರು ಬಂದು ಸಹಿ ಹಾಕಿದ್ದು ಈ ಪಕ್ಷದ ಕಾರ್ಯಕ್ರಮಕ್ಕೆ.

ಆದರೆ ಅಂಥ ಜಯಕ್ಕೆ ಚುನಾವಣೆಯಲ್ಲಿ ಬೇರೆಯೇ ಲೆಕ್ಕ. 1981ರಲ್ಲಿ ಐಆರ್‌ಎ ಕೈದಿಗಳು ನಡೆಸಿದ ಉಪವಾಸ ಸತ್ಯಾಗ್ರಹದ ನಂತರ ಶಿನ್ ಫೇನ್ ಚುನಾವಣಾ ಕಣಕ್ಕೆ ಇಳಿಯಿತು. 1983ರ ವೆಸ್ಟ್‌ಮಿನ್‌ಸ್ಟರ್ (ಬ್ರಿಟಿಷ್ ಸಂಸತ್ತಿನ) ಚುನಾವಣೆಯಲ್ಲಿ ಅದಕ್ಕೆ ಶೇ 13.4, ಎಸ್‌ಡಿಎಲ್‌ಪಿಗೆ ಶೇ 17.9. ಅಲ್ಲಿಂದ ಹದಿನೆಂಟು ವರ್ಷ ಎಸ್‌ಡಿಎಲ್‌ಪಿ ಮುಂದೆಯೇ ಇತ್ತು. 1992ರಲ್ಲಿ ಅಂತರ ಶೇ 23.5ಕ್ಕೆ ಶೇ 10. ಮುಂದಿದ್ದುದಕ್ಕೆ ಮುಖ್ಯ ಕಾರಣ ಐಆರ್‌ಎ ಬಂದೂಕು. ಹಿಂಸೆ ಒಪ್ಪದ ಕ್ಯಾಥೊಲಿಕ್ ಮತದಾರನಿಗೆ ಬೇರೆ ಆಯ್ಕೆ ಇರಲಿಲ್ಲ. 1994ರಲ್ಲಿ ಕದನವಿರಾಮ, 1998ರಲ್ಲಿ ಒಪ್ಪಂದ. ಬಂದೂಕು ಬದಿಗೆ ಸರಿದ ದಿನವೇ ಆ ತಡೆಯೂ ಸರಿಯಿತು. ಹ್ಯೂಮ್ ತಾವೇ ಶಿನ್ ಫೇನ್ ನಾಯಕ ಗೆರಿ ಆಡಮ್ಸ್ ಜೊತೆ ಕೂತು ಮಾತಾಡಿ, ಪಕ್ಷದೊಳಗೂ ಹೊರಗೂ ಬೈಸಿಕೊಂಡು, ಎದುರಾಳಿಯನ್ನು ಮುಖ್ಯವಾಹಿನಿಗೆ ತಂದರು. ಶಾಂತಿಗೆ ಅದು ಬೇಕೇ ಬೇಕಿತ್ತು. ಪಕ್ಷಕ್ಕೆ ಅದರ ಬೆಲೆ ಎಷ್ಟಾದೀತೆಂದು ಕೂತು ಲೆಕ್ಕ ಹಾಕಿದವರು ಯಾರೂ ಇದ್ದಂತಿಲ್ಲ.

2001ರಲ್ಲಿ ಶಿನ್ ಫೇನ್ ಶೇ 21.7, ಎಸ್‌ಡಿಎಲ್‌ಪಿ ಶೇ 21. ಮೊದಲ ಸಲ ಹಿಂದೆ ಬಿದ್ದದ್ದು ಆಗಲೇ, ಕೂದಲೆಳೆಯಲ್ಲಿ. 2003ರ ಶಾಸನಸಭೆ ಚುನಾವಣೆಯಲ್ಲಿ ಶೇ 23.5ಕ್ಕೆ ಶೇ 17. ಎರಡೇ ವರ್ಷದಲ್ಲಿ ಕೂದಲೆಳೆ ಕಂದಕವಾಯಿತು. ಈ ಎರಡು ವರ್ಷಗಳಲ್ಲಿ ಆದದ್ದನ್ನು ಸ್ವಲ್ಪ ನಿಂತು ನೋಡಬೇಕು.

2001ರ ಕೊನೆಯಲ್ಲಿ ಹ್ಯೂಮ್ ನಾಯಕತ್ವ ಬಿಟ್ಟರು, ಮ್ಯಾಲನ್ ಕೂಡ ಸರ್ಕಾರದ ಉಪಪ್ರಥಮ ಸಚಿವ ಹುದ್ದೆಯಿಂದ ಇಳಿದರು. ಮಾರ್ಕ್ ಡರ್ಕನ್ ಬಂದರು. ಅದೇ ನವೆಂಬರ್‌ನಲ್ಲಿ ಹಳೆಯ ಆರ್‌ಯುಸಿ ಹೋಗಿ ಹೊಸ ಪೊಲೀಸ್ ಪಡೆ ಪಿಎಸ್‌ಎನ್‌ಐ ಬಂತು. ನೇಮಕಾತಿಯಲ್ಲಿ ಕ್ಯಾಥೊಲಿಕರು ಅರ್ಧ, ಉಳಿದವರು ಅರ್ಧ ಎಂಬ ನಿಯಮ. ಎಸ್‌ಡಿಎಲ್‌ಪಿ ಪೊಲೀಸ್ ಮಂಡಳಿಯಲ್ಲಿ ಕೂತಿತು. ಶಿನ್ ಫೇನ್ ಕೂರಲಿಲ್ಲ. ‘ಸುಧಾರಣೆ ಸಾಲದು’ ಎನ್ನುತ್ತ 2007ರವರೆಗೆ ಹೊರಗೇ ನಿಂತಿತು. ಆರು ವರ್ಷ ಕಹಿ ಕೆಲಸ ಮಾಡಿದವರು ಒಬ್ಬರು. ಕೆಲಸ ಕೈಗೂಡಿದ ಮೇಲೆ, ಹೊರಗಿಂದ ಒತ್ತಿ ಒತ್ತಿ ಗೆದ್ದೆವು ಎಂದವರು ಇನ್ನೊಬ್ಬರು. ಒಳಗಿದ್ದು ರಾಜಿ ಮಾಡಿದವನಿಗಿಂತ ಹೊರಗಿದ್ದು ಜಗ್ಗಿದವನೇ ‘ನಮ್ಮವರ ಪರ ಗಟ್ಟಿ’ ಎಂದು ಮತದಾರ ಎಣಿಸಿದ. ಯೂನಿಯನಿಸ್ಟರ ಕಡೆಯೂ ಹೀಗೇ ಆಯಿತು: ಟ್ರಿಂಬಲ್ ಅವರ ಯುಯುಪಿಯನ್ನು (ಅಲ್‌ಸ್ಟರ್ ಯೂನಿಯನಿಸ್ಟ್ ಪಾರ್ಟಿ), ಒಪ್ಪಂದ ವಿರೋಧಿಸಿದ್ದ ಇಯನ್ ಪೇಸ್ಲಿಯವರ ಡಿಯುಪಿ (ಡೆಮಾಕ್ರಟಿಕ್ ಯೂನಿಯನಿಸ್ಟ್ ಪಾರ್ಟಿ) 2003ರಲ್ಲೇ ಹಿಂದಿಕ್ಕಿತು. ಒಪ್ಪಂದ ಮಾಡಿದ ಎರಡೂ ಪಕ್ಷಗಳನ್ನು ಅದೇ ಒಪ್ಪಂದ ಮೂಲೆಗೊತ್ತಿತು.

ಸಂಘಟನೆಯ ಕೊರತೆ ಎಷ್ಟಿತ್ತು ಎಂಬುದಕ್ಕೆ ಒಂದೇ ಅಂಕಿ ಸಾಕು. 1999ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಹ್ಯೂಮ್ ಪಡೆದದ್ದು ಶೇ 28. 2004ರಲ್ಲಿ ಅವರು ನಿಲ್ಲಲಿಲ್ಲ. ಪಕ್ಷಕ್ಕೆ ಬಂದದ್ದು ಶೇ 15.9, ಸ್ಥಾನ ಶಿನ್ ಫೇನ್ ಪಾಲು. ಐದು ವರ್ಷದಲ್ಲಿ ಹನ್ನೆರಡು ಅಂಶ ಮಾಯ. ಅದು ಪಕ್ಷದ ಮತವಾಗಿರಲಿಲ್ಲ, ವ್ಯಕ್ತಿಯ ಮತವಾಗಿತ್ತು. 2005ರಲ್ಲಿ ಮ್ಯಾಲನ್ ನಿವೃತ್ತಿ, ನ್ಯೂರಿ ಮತ್ತು ಆರ್ಮಾ ಕ್ಷೇತ್ರ ಶಿನ್ ಫೇನ್‌ಗೆ. ಸೌತ್ ಡೌನ್‌ನಲ್ಲಿ ಎಡ್ಡಿ ಮೆಕ್‌ಗ್ರೇಡಿ 1987ರಲ್ಲಿ ಹೆಸರಾಂತ ಬ್ರಿಟಿಷ್ ರಾಜಕಾರಣಿ ಇನಾಕ್ ಪೊವೆಲ್ ಅವರನ್ನೇ ಸೋಲಿಸಿ ಗಳಿಸಿದ್ದ ಸ್ಥಾನವನ್ನು ಮಾರ್ಗರೆಟ್ ರಿಚಿ 2010ರಲ್ಲಿ ಉಳಿಸಿಕೊಂಡರು, 2017ರಲ್ಲಿ ಕಳೆದುಕೊಂಡರು. ಇತ್ತ ಶಿನ್ ಫೇನ್‌ನಲ್ಲಿ ಜನಪ್ರತಿನಿಧಿಗಳು ಸರಾಸರಿ ಕಾರ್ಮಿಕನ ಸಂಬಳದಷ್ಟು ಇಟ್ಟುಕೊಂಡು ಉಳಿದದ್ದನ್ನು ಪಕ್ಷಕ್ಕೆ ಕೊಡುವ ಪದ್ಧತಿ ವರ್ಷಗಟ್ಟಲೆ ನಡೆಯಿತು. ಆ ದುಡ್ಡು ಪೂರ್ಣಾವಧಿ ಕಾರ್ಯಕರ್ತರಿಗೂ, ಮನೆ, ಪಿಂಚಣಿ, ಭತ್ಯೆಯ ಅರ್ಜಿ ಬರೆದುಕೊಡುವ ಸಲಹಾ ಕಚೇರಿಗಳಿಗೂ ಹೋಯಿತು. ಎಸ್‌ಡಿಎಲ್‌ಪಿಯಲ್ಲಿ ಪ್ರತಿ ಶಾಸಕನೂ ತನ್ನ ಊರಿನ ಮಟ್ಟಿಗೆ ಒಂದು ಪಕ್ಷ.

ಈಗ ಎಣಿಕೆಯ ಮೇಜಿಗೆ ಬರೋಣ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಎಣಿಕೆ ನೋಡಿದವರಿಗೆ ‘ಪ್ರಥಮ ಪ್ರಾಶಸ್ತ್ಯ, ದ್ವಿತೀಯ ಪ್ರಾಶಸ್ತ್ಯ, ಎಲಿಮಿನೇಷನ್ ಸುತ್ತು’ ಹೊಸದಲ್ಲ. ಉತ್ತರ ಐರ್ಲೆಂಡಿನ ಶಾಸನಸಭೆಗೂ ಇದೇ ಪದ್ಧತಿ, ಆದರೆ ಒಂದೊಂದು ಕ್ಷೇತ್ರದಿಂದ ಹಲವು ಸ್ಥಾನ. ಸಿಂಧು ಮತಗಳನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿದ ಅಂಕಿಯಿಂದ ಭಾಗಿಸಿ, ಬಂದದ್ದಕ್ಕೆ ಒಂದು ಸೇರಿಸಿದರೆ ಕೋಟಾ, ಅಂದರೆ ಗೆಲುವಿನ ಗೆರೆ. 42,000 ಸಿಂಧು ಮತ ಎಂದಿಟ್ಟುಕೊಳ್ಳಿ. ಆರು ಸ್ಥಾನವಿದ್ದರೆ ಕೋಟಾ 6,001. ಐದು ಸ್ಥಾನವಿದ್ದರೆ 7,001. 2017ರ ಮಾರ್ಚ್‌ನಲ್ಲಿ 18 ಕ್ಷೇತ್ರಗಳಲ್ಲೂ ಸ್ಥಾನ ಆರರಿಂದ ಐದಕ್ಕೆ ಇಳಿಯಿತು, ಸಭೆ 108ರಿಂದ 90ಕ್ಕೆ. ಗೆಲುವಿನ ಗೆರೆ ಶೇ 14.3ರಿಂದ ಶೇ 16.7ಕ್ಕೆ ಏರಿತು. ಶೇ 30 ಇರುವ ಪಕ್ಷಕ್ಕೆ ಇದು ತುಸು ಕಿರಿಕಿರಿ. ಶೇ 10ರ ಆಸುಪಾಸಿನ ಪಕ್ಷಕ್ಕೆ ಪ್ರಾಣಸಂಕಟ.

ಮೊದಲ ಸುತ್ತಿನಲ್ಲಿ ಕೋಟಾ ಮುಟ್ಟದೆಯೂ ಗೆಲ್ಲಬಹುದು, ವರ್ಗಾವಣೆ ಮತಗಳಿಂದ, ಅಂದರೆ ಹೊರಬಿದ್ದವರ ಅಥವಾ ಕೋಟಾ ದಾಟಿದವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯದಿಂದ. ನಡುವೆ ನಿಂತ ಪಕ್ಷಕ್ಕೆ ಎರಡೂ ಕಡೆಯಿಂದ ಎರಡನೇ, ಮೂರನೇ ಪ್ರಾಶಸ್ತ್ಯ ಬರುತ್ತದೆ, ಎಸ್‌ಡಿಎಲ್‌ಪಿ ಬಹುಕಾಲ ಬದುಕಿದ್ದೇ ಇದರಿಂದ. 2017ರಲ್ಲಿ ಯುಯುಪಿ ನಾಯಕ ಮೈಕ್ ನೆಸ್ಬಿಟ್ ತಮ್ಮ ಎರಡನೇ ಪ್ರಾಶಸ್ತ್ಯ ಎಸ್‌ಡಿಎಲ್‌ಪಿಗೆ ಎಂದು ಬಹಿರಂಗವಾಗಿ ಹೇಳಿ ಸ್ವಪಕ್ಷದವರಿಂದಲೇ ಪೆಟ್ಟು ತಿಂದರು. ಆ ಸಲ ಎಸ್‌ಡಿಎಲ್‌ಪಿ ಶೇ 11.9ರಲ್ಲೇ 12 ಸ್ಥಾನ ಉಳಿಸಿಕೊಂಡಿತು. ಯೂನಿಯನಿಸ್ಟ್ ಕೋಟೆಯಾದ ಲ್ಯಾಗನ್ ವ್ಯಾಲಿಯಲ್ಲೂ ಒಂದು ಗೆದ್ದಿತು. ಆದರೆ ವರ್ಗಾವಣೆ ಬರಬೇಕಾದರೆ ಆ ಸುತ್ತಿನವರೆಗೆ ನೀವು ಕಣದಲ್ಲಿ ಉಳಿದಿರಬೇಕು. ಪ್ರಥಮ ಪ್ರಾಶಸ್ತ್ಯ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬೇರೆಯವರ ಮತ ನಿಮಗೆ ಹರಿಯುವ ಮೊದಲೇ ನಿಮ್ಮ ಮತ ಬೇರೆಯವರಿಗೆ ಹರಿದುಹೋಗುತ್ತದೆ. ಇಬ್ಬರು ಅಭ್ಯರ್ಥಿಗಳನ್ನು ನಿಲ್ಲಿಸುವ ಹಳೆಯ ಚಟವೂ ಇಲ್ಲಿ ಮುಳುವು: ಮುಕ್ಕಾಲು ಕೋಟಾದಷ್ಟು ಮತ ಇಬ್ಬರಲ್ಲಿ ಒಡೆದರೆ, ಮೊದಲು ಹೊರಬಿದ್ದವನ ಮತದಲ್ಲಿ ಒಂದಷ್ಟು ಜೊತೆಗಾರನಿಗೆ ಬರದೆ ಪಕ್ಕದ ಪಕ್ಷಕ್ಕೆ ಸೋರುತ್ತದೆ.

2022ರಲ್ಲಿ ಆದದ್ದು ಇದೇ. ಕಳೆದ ನಾಲ್ಕು ಸ್ಥಾನಗಳು: ನಾರ್ತ್ ಬೆಲ್‌ಫಾಸ್ಟ್, ಅಪ್ಪರ್ ಬ್ಯಾನ್, ಲ್ಯಾಗನ್ ವ್ಯಾಲಿ, ಸೌತ್ ಡೌನ್‌ನ ಎರಡನೆಯದು. ನಾಲ್ಕರಲ್ಲೂ ಹೊಸದಾಗಿ ಬಂದದ್ದು ಅಲಯನ್ಸ್ ಪಕ್ಷ. ತನ್ನನ್ನು ರಾಷ್ಟ್ರೀಯವಾದಿ ಎಂದೂ ಯೂನಿಯನಿಸ್ಟ್ ಎಂದೂ ಕರೆದುಕೊಳ್ಳದ ಪಕ್ಷ. ನಾರ್ತ್ ಬೆಲ್‌ಫಾಸ್ಟ್‌ನಲ್ಲಿ ಸೋತವರು ಪಕ್ಷದ ಉಪನಾಯಕಿ, ಮೂಲಸೌಕರ್ಯ ಸಚಿವೆ ನಿಕೋಲಾ ಮ್ಯಾಲನ್. ಅವರ ಕೆಲಸದ ಬಗ್ಗೆ ದೊಡ್ಡ ದೂರುಗಳೇನೂ ಇರಲಿಲ್ಲ. ಪ್ರಥಮ ಪ್ರಾಶಸ್ತ್ಯವನ್ನು ಒಂದು ಕಡೆಯಿಂದ ಶಿನ್ ಫೇನ್ ಎಳೆಯಿತು, ನಡುವಿನ ವರ್ಗಾವಣೆಯ ಜಾಗವನ್ನು ಅಲಯನ್ಸ್ ಹಿಡಿಯಿತು. ಹಿಂದೆ ಎಸ್‌ಡಿಎಲ್‌ಪಿಗೆ ಬರುತ್ತಿದ್ದ ಪಟ್ಟಣದ ಓದಿದ, ಉದಾರವಾದಿ, ಬ್ರೆಕ್ಸಿಟ್ ವಿರೋಧಿ ಮತದಾರರಿಗೆ ಈಗ ಎರಡು ಬಾಗಿಲು.

ಶಿನ್ ಫೇನ್ ಕಡೆಗಿನ ಎಳೆತಕ್ಕೆ ಕಾನೂನೇ ನೆರವಾಯಿತು. 1998ರ ಮೂಲ ನಿಯಮದಲ್ಲಿ ಪ್ರಥಮ ಸಚಿವ ಮತ್ತು ಉಪಪ್ರಥಮ ಸಚಿವರನ್ನು ಜೋಡಿಯಾಗಿ, ಎರಡೂ ಸಮುದಾಯಗಳ ಶಾಸಕರ ಬಹುಮತದಿಂದ ಆರಿಸಬೇಕಿತ್ತು. ಟ್ರಿಂಬಲ್ ಮತ್ತು ಶೇಮಸ್ ಮ್ಯಾಲನ್ ಬಂದದ್ದು ಹಾಗೆ. 2006ರ ಸೇಂಟ್ ಆಂಡ್ರ್ಯೂಸ್ ಒಪ್ಪಂದದ ನಂತರ ಆಯ್ಕೆ ಹೋಗಿ ನಾಮನಿರ್ದೇಶನ ಬಂತು. ವಾಸ್ತವದಲ್ಲಿ ಅತಿ ದೊಡ್ಡ ಪಕ್ಷ ಪ್ರಥಮ ಸಚಿವರನ್ನು ಹೆಸರಿಸುತ್ತದೆ. ಎರಡೂ ಹುದ್ದೆಗಳ ಅಧಿಕಾರ ಕಾನೂನಿನಲ್ಲಿ ಸರಿಸಮ. ಆದರೂ ಅಂದಿನಿಂದ ಪ್ರತಿ ಚುನಾವಣೆಯೂ ‘ಮೇಲಿನ ಕುರ್ಚಿ ಯಾರಿಗೆ’ ಎಂಬ ಶಿನ್ ಫೇನ್, ಡಿಯುಪಿ ಜಿದ್ದಾಗಿಬಿಟ್ಟಿತು. 2022ರಲ್ಲಿ ರಾಷ್ಟ್ರೀಯವಾದಿಗಳಿಗೆ ಮೊದಲ ಬಾರಿ ಆ ಕುರ್ಚಿ ಕೈಗೆಟುಕುವಂತಿದ್ದಾಗ ಎಸ್‌ಡಿಎಲ್‌ಪಿಯ ನಿಷ್ಠಾವಂತರೂ ಪ್ರಥಮ ಪ್ರಾಶಸ್ತ್ಯ ಬದಲಿಸಿದರು. ಶಿನ್ ಫೇನ್ 27, ಡಿಯುಪಿ 25. ಮಿಷೆಲ್ ಓನೀಲ್ 2024ರ ಫೆಬ್ರವರಿ 3ರಂದು ಪ್ರಥಮ ಸಚಿವೆಯಾದರು.

ಖಾತೆ ಹಂಚಿಕೆಯ ಕಥೆ ಇನ್ನೂ ವಿಚಿತ್ರ. ಅಲ್ಲಿ ಖಾತೆಗಳು ಚೌಕಾಸಿಯಿಂದಲ್ಲ, ಡಿ’ಹಾಂಟ್ ಸೂತ್ರದಿಂದ ಹಂಚಿಕೆಯಾಗುತ್ತವೆ. ಪ್ರತಿ ಪಕ್ಷದ ಸ್ಥಾನವನ್ನು 1, 2, 3 ಎಂದು ಭಾಗಿಸುತ್ತ ಹೋಗಿ, ದೊಡ್ಡ ಭಾಗಲಬ್ಧದಿಂದ ಇಳಿಕೆಯ ಕ್ರಮದಲ್ಲಿ ಖಾತೆ ಆರಿಸಬೇಕು. 1999ರಲ್ಲಿ ಖಾತೆ ಹತ್ತು. ಭಾಗಲಬ್ಧಗಳ ಸಾಲು: 28, 24, 20, 18, 14, 12, 10, 9.33, 9, ಮತ್ತು ಹತ್ತನೆಯದು 8. ಆ ಎಂಟು ಎಸ್‌ಡಿಎಲ್‌ಪಿಯದು, 24ನ್ನು ಮೂರರಿಂದ ಭಾಗಿಸಿದ್ದು. ಹಾಗೆ ಮೂರನೇ ಖಾತೆ ಅದಕ್ಕೆ ಬಂತು. ಬ್ರೀಡ್ ರಾಜರ್ಸ್ ಕೃಷಿ ಸಚಿವೆಯಾದರು. 2001ರ ಕಾಲುಬಾಯಿ ರೋಗದ ಹಾವಳಿಯನ್ನು ಅವರು ನಿಭಾಯಿಸಿದ ರೀತಿಗೆ ಹೆಸರೂ ಬಂತು.

2016ರಲ್ಲಿ ಇಲಾಖೆಗಳನ್ನು ಕಡಿತ ಮಾಡಿದರು. ಪ್ರಥಮ ಸಚಿವರ ಕಚೇರಿಯನ್ನೂ, ಪ್ರತ್ಯೇಕ ಮತದಿಂದ ತುಂಬುವ ನ್ಯಾಯ ಇಲಾಖೆಯನ್ನೂ ಬಿಟ್ಟರೆ ಡಿ’ಹಾಂಟ್‌ಗೆ ಸಿಗುವುದು ಏಳು. 2022ರ ಬಲಾಬಲದ ಭಾಗಲಬ್ಧಗಳು: 27, 25, 17, 13.5, 12.5, 9, 9, 8.5, 8.33, ಮತ್ತು ಹತ್ತನೆಯದು ಮತ್ತೆ 8. ಮತ್ತೆ ಎಸ್‌ಡಿಎಲ್‌ಪಿಯದೇ, ಈ ಸಲ ಅದರ ಒಟ್ಟು ಬಲ. ಅಂದು ಮೂರನೇ ಖಾತೆ ತಂದ ಅಂಕಿಯೇ ಇಂದು ಮೊದಲ ಖಾತೆಗೂ ಸಾಲಲಿಲ್ಲ. ಖಾತೆ ಹೋದರೆ ವಿಶೇಷ ಸಲಹೆಗಾರರು ಹೋಗುತ್ತಾರೆ, ಪ್ರತಿದಿನ ಸುದ್ದಿಯಲ್ಲಿರುವ ಅವಕಾಶ ಹೋಗುತ್ತದೆ. ಇನ್ನು ಅಧಿಕೃತ ವಿರೋಧಪಕ್ಷದ ಸ್ಥಾನಕ್ಕೆ ಸಭೆಯ ಶೇ 8 ಬೇಕು. 90ರಲ್ಲಿ ಅದು 7.2, ಅಂದರೆ ಎಂಟು ಜನ. ಇವರ ಬಳಿ ಇರುವುದು ಸರಿಯಾಗಿ ಎಂಟು. ಮ್ಯಾಥ್ಯೂ ಓಟೂಲ್ ವಿರೋಧಪಕ್ಷದ ನಾಯಕರಾಗಿ ಚುರುಕಾಗಿಯೇ ಕೆಲಸ ಮಾಡುತ್ತಿದ್ದಾರೆ. ಒಬ್ಬ ಸದಸ್ಯ ಕಡಿಮೆಯಾಗಿದ್ದರೂ ಆ ಪೀಠವೂ ಸಿಗುತ್ತಿರಲಿಲ್ಲ.

ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮಾತ್ರ ಚಿತ್ರ ಏರುಪೇರು. ಅಲ್ಲಿ ನಮ್ಮ ಲೋಕಸಭೆಯಂತೆ ಹೆಚ್ಚು ಮತ ಪಡೆದವರೇ ವಿಜೇತರು. ಶಿನ್ ಫೇನ್ ಸಂಸದರು ಗೆದ್ದರೂ ರಾಜನಿಷ್ಠೆಯ ಪ್ರಮಾಣ ಒಪ್ಪದೆ ಸದನಕ್ಕೆ ಹೋಗುವುದಿಲ್ಲ, ಎಸ್‌ಡಿಎಲ್‌ಪಿಯವರು ಹೋಗುತ್ತಾರೆ. 2017ರಲ್ಲಿ ಮೂರಕ್ಕೆ ಮೂರೂ ಸ್ಥಾನ ಹೋದವು. ಹ್ಯೂಮ್ 1983ರಿಂದ ಹಿಡಿದಿದ್ದ, ಡೆರಿ ನಗರದ ಫಾಯ್ಲ್ ಕ್ಷೇತ್ರವನ್ನು ಡರ್ಕನ್ 169 ಮತಗಳಿಂದ ಕಳೆದುಕೊಂಡರು. ಎರಡೇ ವರ್ಷದಲ್ಲಿ, 2019ರ ಡಿಸೆಂಬರ್‌ನಲ್ಲಿ, ಅದೇ ಕ್ಷೇತ್ರವನ್ನು ಕಾಲಮ್ ಈಸ್ಟ್‌ವುಡ್ 17,110 ಮತಗಳ ಅಂತರದಿಂದ ಮರಳಿ ಪಡೆದರು. ಬ್ರೆಕ್ಸಿಟ್ ಮಸೂದೆಗಳು ಒಂದೊಂದು ಮತದ ಮೇಲೆ ತೂಗುತ್ತಿದ್ದಾಗ ಡೆರಿಯ ಕುರ್ಚಿ ಖಾಲಿ ಇದ್ದದ್ದು ಗಡಿ ಪಕ್ಕದ ಆ ಊರಿಗೆ ಸಿಟ್ಟು ತರಿಸಿತ್ತು. ಸೌತ್ ಬೆಲ್‌ಫಾಸ್ಟ್‌ನಲ್ಲಿ ಶಿನ್ ಫೇನ್ ಕಣದಿಂದ ಸರಿದಿತ್ತು. ಕ್ಲೇರ್ ಹ್ಯಾನಾ 15,401 ಅಂತರದಿಂದ ಗೆದ್ದರು. ಪುನರುತ್ಥಾನ ಎಂದು ಪಕ್ಷದವರು ನಂಬಿದರು. ಇವು ಕೈಗಡದ ಮತಗಳಾಗಿದ್ದವು: 2023ರ ಸ್ಥಳೀಯ ಚುನಾವಣೆಯಲ್ಲಿ ಪಕ್ಷದ ಕೌನ್ಸಿಲರ್‌ಗಳು 59ರಿಂದ 39ಕ್ಕೆ ಇಳಿದರು, 2024ರಲ್ಲಿ ಫಾಯ್ಲ್‌ನ ಅಂತರ 4,166ಕ್ಕೆ ಬಂತು.

ಸಭಿಕರಿಂದ ಬಂದ ಮೊದಲ ಪ್ರಶ್ನೆ: ದಕ್ಷಿಣದ ಯಾವುದಾದರೂ ಪಕ್ಷದಲ್ಲಿ ವಿಲೀನವಾಗಬಾರದೇ? ಪ್ರಯತ್ನ ಆಗಿದೆ. 2019ರ ಜನವರಿಯಲ್ಲಿ ಫಿಯಾನಾ ಫಾಯ್ಲ್ ಜೊತೆ ಸಹಭಾಗಿತ್ವ ಘೋಷಣೆಯಾಯಿತು. ಫಿಯಾನಾ ಫಾಯ್ಲ್ ನಡುಪಂಥದಿಂದ ತುಸು ಬಲಕ್ಕೆ ವಾಲಿದ ಪಕ್ಷ. ಎಡಪಂಥೀಯರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಹ್ಯಾನಾ ಪ್ರತಿಭಟಿಸಿ ಶಾಸಕಾಂಗ ಗುಂಪಿನಿಂದ ಹೊರನಡೆದರು. ಮೂರು ವರ್ಷ ಕಳೆದರೂ ಹೇಳಿಕೊಳ್ಳುವಂಥ ಲಾಭ ಕಾಣದೆ 2022ರ ಸೆಪ್ಟೆಂಬರ್‌ನಲ್ಲಿ ಅದು ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಪಕ್ಷದ ನಾಯಕತ್ವ ವಹಿಸಿಕೊಂಡವರು ಅದೇ ಹ್ಯಾನಾ.

ಇನ್ನೊಂದು ಪ್ರಶ್ನೆ: ಮುಂದೇನು? ಶಾಸನಸಭೆಯ ಮುಂದಿನ ಚುನಾವಣೆ 2027ರ ಮೇ ತಿಂಗಳಿಗೆ ನಿಗದಿ. ಉಳಿದ ಪಕ್ಷಗಳ ಬಲ ಹೀಗೇ ಇದ್ದರೆ ಒಂದು ಖಾತೆಗೆ ಎಸ್‌ಡಿಎಲ್‌ಪಿ ಹತ್ತು ತಲುಪಬೇಕು. ಒಂಬತ್ತಾದರೆ ಸಮಬಲದ ಜಗಳ. ಈಗಿನ ಎಂಟರಲ್ಲಿ ಎರಡು ಫಾಯ್ಲ್‌ನವು. ಉಳಿದ ಆರು ಸೌತ್ ಬೆಲ್‌ಫಾಸ್ಟ್, ಸೌತ್ ಡೌನ್, ನ್ಯೂರಿ ಮತ್ತು ಆರ್ಮಾ, ಮಿಡ್ ಅಲ್‌ಸ್ಟರ್, ವೆಸ್ಟ್ ಟೈರೋನ್, ಈಸ್ಟ್ ಲಂಡನ್‌ಡೆರಿಯಲ್ಲಿ ಒಂದೊಂದು. ಹೆಚ್ಚಿಸಿಕೊಳ್ಳಬಹುದಾದ ಎರಡನ್ನು ಹುಡುಕಬೇಕಾದದ್ದು ಶಿನ್ ಫೇನ್ ಕೋಟೆಗಳಲ್ಲಲ್ಲ, ಅಲಯನ್ಸ್ ಕೈಗೆ ಹೋದ ಆ ನಾಲ್ಕು ಕ್ಷೇತ್ರಗಳಲ್ಲಿ. ಅಲ್ಲೂ ಒಬ್ಬೊಬ್ಬರೇ ಅಭ್ಯರ್ಥಿ, ಮತ್ತು ವರ್ಗಾವಣೆ ಶುರುವಾಗುವವರೆಗೆ ಕಣದಲ್ಲಿ ಉಳಿಯುವಷ್ಟು ಪ್ರಥಮ ಪ್ರಾಶಸ್ತ್ಯ.